ಹರಕೆ ತೀರಿಸಿದ ಮೇಲೂ ದೇವರ ಸ್ತುತಿ ಏಕೆ?

ಮಗನ ಕಾಲು ಗುಣವಾದುದಕ್ಕೆ ಮುಂಬಯಿಯ ಬಾಂದ್ರಾದಲ್ಲಿರುವ ಮೌಂಟ್ ಮೇರಿ ಚರ್ಚಿನಲ್ಲಿ ಮೇಣದ ಕಾಲನ್ನು ಅರ್ಪಿಸಿ ಹರಕೆ ತೀರಿಸಿದ್ದಾಯಿತು, ಇನ್ನೂ ಸ್ತುತಿಸುತ್ತಿರಬೇಕೇ ಎಂದು ಕೇಳಿದ್ದೀರಿ. ಹರಕೆಯನ್ನು ಒಂದು ದಿನ ಚುಕ್ತಾ ಮಾಡಬಹುದು, ಕೃತಜ್ಞತೆಯನ್ನು ಹಾಗೆ ಮುಗಿಸಲಾಗದು.

ಬೈಬಲಿನ 34ನೆಯ ಕೀರ್ತನೆಯ ಶಿರೋನಾಮೆಯು, ದಾವೀದನು ಅರಸನೊಬ್ಬನ ಮುಂದೆ ಹುಚ್ಚನಂತೆ ನಟಿಸಿ ಪಾರಾದ ಪ್ರಸಂಗವನ್ನು ನೆನೆಯುತ್ತದೆ. ಸಮುವೇಲನ ಮೊದಲನೆಯ ಪುಸ್ತಕದ ಪ್ರಕಾರ ಅವನು ಬಾಗಿಲಿನ ಕದಗಳ ಮೇಲೆ ಗೀಚುತ್ತ, ಗಡ್ಡದ ಮೇಲೆ ಜೊಲ್ಲು ಸುರಿಸುತ್ತ ಇದ್ದನು. ನನಗೆ ಮುಖ್ಯವೆನಿಸುವುದು ಅದರ ಮುಂದಿನ ಸಂಗತಿ. ಅಲ್ಲಿಂದ ಹೊರಟವನು ಸೇರಿದ್ದು ಅದುಲ್ಲಾಮ್ ಗವಿಯನ್ನು. ಅವನನ್ನು ಕೊಲ್ಲಬೇಕೆಂದಿದ್ದ ಇಸ್ರಾಯೇಲಿನ ಅರಸ ಸೌಲನು ಹುಡುಕುವುದನ್ನು ಬಿಟ್ಟಿರಲಿಲ್ಲ. ಹೀಗಾಗಿ ಆ ಸ್ತುತಿ ಹುಟ್ಟುವುದು ಕಷ್ಟಗಳು ಮುಗಿಯುವ ಮೊದಲೇ, ಒಮ್ಮೆ ಕಾಪಾಡಿದವನು ಮುಂದೆಯೂ ಕೈಬಿಡನೆಂಬ ಭರವಸೆಯಿಂದ. ನೀತಿವಂತನಿಗೂ ಕಷ್ಟಗಳು ಬಹಳವೆಂದು ಅದೇ ಕೀರ್ತನೆ ಒಪ್ಪುತ್ತದೆ (ಗೋಡೆಗೆ ತೂಗುಹಾಕುವ ಫಲಕಗಳಲ್ಲಿ ಈ ಮಾತು ಕಾಣುವುದು ಅಪರೂಪ).

ದೀನರು ಕೇಳಿ ಸಂತೋಷಪಡಲೆಂಬುದೂ ಅದರ ಆಶಯ. ಆದುದರಿಂದ ಮಗ ಚೇತರಿಸಿಕೊಂಡ ಬಗೆಯನ್ನು, ವೈದ್ಯರ ಪಾಲನ್ನು ಮರೆಮಾಚದೆ, ನಿಮ್ಮ ಕನ್ನಡ ಪ್ರಾರ್ಥನಾ ಕೂಟದಲ್ಲಿ ಹೇಳಿ. ಆಸ್ಪತ್ರೆಗೆ ಇನ್ನೂ ಅಲೆಯುತ್ತಿರುವ ಯಾರಾದರೂ ಅಲ್ಲಿ ಕುಳಿತಿರಬಹುದು.