ಪಹಣಿಯ ನಡುವೆ ಸಿಕ್ಕ ಮಗನ ವರದಿ

ನಾನು ಕಾರಟಗಿ ಹತ್ತಿರದ ಒಂದು ಹಳ್ಳಿಯವಳು. ಅಂಗನವಾಡಿಯಲ್ಲಿ ದುಡಿದು ನಿವೃತ್ತಳಾಗಿದ್ದೇನೆ. ಮಗನಿಗೆ 34 ವರ್ಷ, ಅಕ್ಕಿ ಗಿರಣಿಯಲ್ಲಿ ಭತ್ತ ಕುದಿಸುವ ಬಾಯ್ಲರ್ ನೋಡಿಕೊಳ್ಳುತ್ತಾನೆ. ಸೊಸೆಗೆ 29. ಮದುವೆಯಾಗಿ ಆರು ವರ್ಷವಾದರೂ ಮಕ್ಕಳಿಲ್ಲ. ಮೂರು ವರ್ಷಗಳಿಂದ ಸೊಸೆಯನ್ನು ಗಂಗಾವತಿ, ಬಳ್ಳಾರಿ ಎಂದು ಆಸ್ಪತ್ರೆಗಳಿಗೆ ತಿರುಗಿಸಿದ್ದೇವೆ. ಸ್ಕ್ಯಾನಿಂಗ್, ರಕ್ತ ಪರೀಕ್ಷೆ, ಗರ್ಭನಾಳದ ಎಕ್ಸ್-ರೇ ಎರಡು ಸಲ ಆಯಿತು, ಎಲ್ಲವೂ ಸರಿಯಿದೆ ಎಂದೇ ಹೇಳಿದರು. ಹುಲಿಗೆಮ್ಮನಿಗೆ ಐದು ಹುಣ್ಣಿಮೆ ನಡೆದುಕೊಂಡಿದ್ದಾಳೆ. ಈಗ ಮಾರ್ಚ್ ತಿಂಗಳಲ್ಲಿ ಲ್ಯಾಪರೊಸ್ಕೋಪಿ ಮಾಡುತ್ತೇವೆಂದು ದಿನ ಕೊಟ್ಟಿದ್ದಾರೆ.

ಕಳೆದ ವಾರ ಬೆಳೆ ಸಾಲಕ್ಕೆಂದು ಟ್ರಂಕಿನಲ್ಲಿ ಪಹಣಿ ಹುಡುಕುವಾಗ ಮಗನ ವೀರ್ಯ ಪರೀಕ್ಷೆಯ ವರದಿ ಸಿಕ್ಕಿತು. ದೀಪಾವಳಿ ಮುಗಿದ ವಾರದ ತಾರೀಖು ಇದೆ. ಮಿಲಿಲೀಟರಿಗೆ 60 ಲಕ್ಷ, ಚಲನೆ ಶೇ. 22 ಎಂದು ಬರೆದು ಕೆಳಗೆ ಕೆಂಪು ಗೆರೆ ಎಳೆದಿದ್ದಾರೆ. ಜೊತೆಗೆ ಅರ್ಧ ಖಾಲಿಯಾದ ಸತುವಿನ ಮಾತ್ರೆಯ ಪಟ್ಟಿಯೂ ಇತ್ತು. ಅವನು ಯಾರಿಗೂ ಹೇಳಿಲ್ಲ, ಹೆಂಡತಿಗೂ ಹೇಳಿಲ್ಲ. ದಸರೆಯಲ್ಲಿ ಅವನು ಡೆಂಗಿ ಜ್ವರದಿಂದ ಎಂಟು ದಿನ ಮಲಗಿದ್ದಾಗ ರಾತ್ರಿಯೆಲ್ಲ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕುಳಿತವಳು ಅವಳೇ. ಹೋದ ವರ್ಷ ನನ್ನ ತಂಗಿಯ ಮಗಳ ಕುಬಸದಲ್ಲಿ ಅವಳು ಉಡಿ ತುಂಬಲು ಮುಂದೆ ಬಂದಾಗ, ನೀನು ಬೇಡ ಎಂದು ನಾನೇ ತಡೆದಿದ್ದೆ. ಯುಗಾದಿಗೆ ಹಿರಿಯರು ಕುಳಿತು ಎರಡನೆಯ ಮದುವೆಯ ಮಾತು ತೆಗೆಯಬೇಕೆಂದು ನನ್ನ ನಾದಿನಿ ಹಟ ಹಿಡಿದಿದ್ದಾಳೆ. ನನ್ನ ತಮ್ಮ, ಮಗನಿಗೆ ಶಕ್ತಿಯ ಇಂಜೆಕ್ಷನ್ ಕೊಡಿಸೋಣ ಎನ್ನುತ್ತಾನೆ. ಸೊಸೆಗೆ ನಾನು ಹೇಳಬೇಕೇ, ಸುಮ್ಮನಿರಬೇಕೇ? ಅವಳ ಮುಖ ಹೇಗೆ ನೋಡಲಿ?

ಹೆಸರು ಬೇಡ, ಕೊಪ್ಪಳ ಜಿಲ್ಲೆ

ತಾಯಿ,

ಮೊದಲು ಆ ಕಾಗದವನ್ನೇ ಸರಿಯಾಗಿ ಓದೋಣ. ಮಗ ಅದನ್ನು ಟ್ರಂಕಿನ ತಳದಲ್ಲಿ ಬಚ್ಚಿಟ್ಟ ರೀತಿ ನೋಡಿದರೂ, ನೀವು ಅಂಕಿಗಳನ್ನು ನಡುಗುವ ಕೈಯಲ್ಲಿ ಬರೆದು ಕಳಿಸಿದ್ದು ನೋಡಿದರೂ, ಇಬ್ಬರೂ ಅದನ್ನು ಕೊನೆಯ ಮಾತೆಂದು ನಂಬಿದ್ದೀರಿ ಎನಿಸುತ್ತದೆ. ದಸರೆಯ ಜ್ವರವನ್ನು ನೀವು ಬೇರೆ ಪ್ರಸಂಗಕ್ಕೆ ಹೇಳಿದ್ದೀರಿ, ವರದಿಯ ತಾರೀಖನ್ನು ಇನ್ನೊಂದು ಸಾಲಿನಲ್ಲಿ ಬರೆದಿದ್ದೀರಿ. ಅವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ವೃಷಣದಲ್ಲಿ ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು 74 ದಿನ ಬೇಕು. ಅಲ್ಲಿಂದ ಸುರುಳಿ ನಾಳದಲ್ಲಿ ಸಾಗಿ ಈಜುವ ಶಕ್ತಿ ಪಡೆಯಲು ಮತ್ತೆ ಒಂದೆರಡು ವಾರ ಹಿಡಿಯುತ್ತದೆ. ಹೀಗಾಗಿ ಒಂದು ದಿನ ಕೊಟ್ಟ ಮಾದರಿಯಲ್ಲಿ ಕಾಣುವುದು ಹಿಂದಿನ ಮೂರು ತಿಂಗಳು ದೇಹ ಹೇಗಿತ್ತು ಎಂಬುದು. ಜೋರು ಜ್ವರ ಬಂದು ಹೋದ ಮೇಲೆ ವೀರ್ಯಾಣುಗಳ ಸಂಖ್ಯೆ, ಚಲನೆ ಎರಡೂ ಕೆಲವು ವಾರ ಕುಸಿದು, ಎರಡು ಮೂರು ತಿಂಗಳಲ್ಲಿ ಮತ್ತೆ ಮೇಲೇಳುವುದನ್ನು ಸಂಶೋಧಕರು ದಾಖಲಿಸಿದ್ದಾರೆ. ನಿಮ್ಮ ಮಗ ಡೆಂಗಿಯಿಂದ ಎದ್ದು ತಿಂಗಳು ಕಳೆಯುವಷ್ಟರಲ್ಲಿ ಪರೀಕ್ಷೆಗೆ ಹೋಗಿದ್ದಾನೆ. ಜ್ವರ ಬರದಿದ್ದರೆ ಅಂಕಿ ಚೆನ್ನಾಗಿಯೇ ಇರುತ್ತಿತ್ತು ಎಂದು ನಾನು ಹೇಳುತ್ತಿಲ್ಲ; ಆರು ವರ್ಷದ ಕಾಯುವಿಕೆಯನ್ನೆಲ್ಲ ಒಂದು ಜ್ವರದ ತಲೆಗೆ ಕಟ್ಟಲಾಗದು. ಆದರೆ ಆ ಕಾಗದವೊಂದನ್ನೇ ನಂಬಿ ಯಾವ ತೀರ್ಮಾನಕ್ಕೂ ಬರುವಂತಿಲ್ಲ.

ಕೆಂಪು ಗೆರೆಯ ಬಗ್ಗೆಯೂ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರತಂದ ಕೈಪಿಡಿಯ ಆರನೆಯ ಆವೃತ್ತಿಯಲ್ಲಿ ಕೆಳ ಅಂಚು ಮಿಲಿಲೀಟರಿಗೆ 1 ಕೋಟಿ 60 ಲಕ್ಷ, ಒಟ್ಟು ಚಲನೆ ಶೇ. 42. ಈ ಅಂಚನ್ನು ಹೇಗೆ ಹಾಕಿದರು ಎಂಬುದನ್ನು ನಮ್ಮ ಲ್ಯಾಬುಗಳು ಯಾರಿಗೂ ಬಿಡಿಸಿ ಹೇಳುವುದಿಲ್ಲ. ಒಂದು ವರ್ಷದೊಳಗೆ ಯಾರ ಹೆಂಡತಿ ಗರ್ಭಿಣಿಯಾದಳೋ ಅಂಥ ಗಂಡಸರ ವೀರ್ಯವನ್ನೇ ಹಲವು ದೇಶಗಳಲ್ಲಿ ಅಳೆದು, ಅವರಲ್ಲಿ ತೀರ ಕೆಳಗಿನ ನೂರಕ್ಕೆ ಐದು ಮಂದಿ ಎಲ್ಲಿ ನಿಲ್ಲುತ್ತಾರೋ ಅಲ್ಲಿಗೆ ಗೆರೆ ಎಳೆದರು. ಅಂದರೆ ಗೆರೆಯ ಕೆಳಗಿದ್ದ ಆ ಐದು ಮಂದಿಯೂ ಅಪ್ಪಂದಿರಾದವರೇ. 60 ಲಕ್ಷ ಎಂಬುದು ಕಡಿಮೆ ಹೌದು, ದಾರಿ ನಿಧಾನವಾಗುವುದು ಹೌದು, ಆದರೆ ದಾರಿ ಮುಚ್ಚಿತು ಎಂದು ಅದರ ಅರ್ಥವಲ್ಲ.

ಈಗ ಮೂರು ತಿಂಗಳು ದಾಟಿದೆ. ಮಗ ಇದೇ ತಿಂಗಳು ಎರಡನೆಯ ಪರೀಕ್ಷೆ ಮಾಡಿಸಬೇಕು. ಎರಡರಿಂದ ಏಳು ದಿನದ ಸಂಯಮ ಇರಬೇಕು, ಮಾದರಿ ಕೊಟ್ಟ ಒಂದು ಗಂಟೆಯೊಳಗೆ ನೋಡುವಂತಿರಬೇಕು. ಮನೆಯಿಂದ ಡಬ್ಬಿಯಲ್ಲಿ ಹಾಕಿಕೊಂಡು ಬೈಕಿನಲ್ಲಿ ಗಂಗಾವತಿಗೆ ಒಯ್ದರೆ ಆ ಹೊತ್ತು ದಾರಿಯಲ್ಲೇ ಕಳೆಯುತ್ತದೆ, ಲ್ಯಾಬಿನಲ್ಲೇ ಕೊಡುವುದು ಒಳ್ಳೆಯದು. ಅದು ಎಷ್ಟು ಕಷ್ಟವೆಂದು ನನಗೆ ಗೊತ್ತು. ನಾನು ಕೆಲ ಕಾಲ ಆಪ್ತ ಸಮಾಲೋಚಕಿಯಾಗಿ ಕುಳಿತಿದ್ದ ಒಂದು ಆಸ್ಪತ್ರೆಯಲ್ಲಿ ಅದಕ್ಕೆಂದು ಕೊಟ್ಟಿದ್ದು ಉಗ್ರಾಣದ ಪಕ್ಕದ ಶೌಚಾಲಯ, ಚಿಲಕ ಸರಿಯಿರಲಿಲ್ಲ. ಮೂವತ್ತೈದರ ಒಬ್ಬ ರೈತ ಡಬ್ಬಿಯನ್ನು ಟವೆಲ್ಲಿನಲ್ಲಿ ಸುತ್ತಿ, ಕಂಕುಳಲ್ಲಿ ಅವಚಿ, ಕೌಂಟರಿನ ಮುಂದೆ ಹೆಂಗಸರೆಲ್ಲ ಹೋಗುವವರೆಗೆ ಅರ್ಧ ಗಂಟೆ ನಿಂತಿದ್ದ. ರಿಜಿಸ್ಟರಿನಲ್ಲಿ ಅವನ ಹೆಸರೇ ಇರಲಿಲ್ಲ. ಇದ್ದದ್ದು ಹೆಂಡತಿಯ ಹೆಸರು. ನಮ್ಮಲ್ಲಿ ಗಂಡಸಿನ ಪರೀಕ್ಷೆ ಕೂಡ ಹೆಂಗಸಿನ ಖಾತೆಗೇ ಜಮೆಯಾಗುತ್ತದೆ.

ಲ್ಯಾಬಿನ ಕಾಗದ ಹಿಡಿದುಕೊಂಡು ಮೆಡಿಕಲ್ ಶಾಪಿಗೆ ಹೋಗುವ ಬದಲು ಅವನು ಮೂತ್ರರೋಗ ತಜ್ಞರನ್ನು ಕಾಣಬೇಕು. ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ, ಅಲ್ಲಿಂದಲೇ ವಿಚಾರಿಸಲು ತೊಡಗಬಹುದು. ವೃಷಣದ ರಕ್ತನಾಳಗಳು ಉಬ್ಬಿಕೊಳ್ಳುವ ವೆರಿಕೋಸೀಲ್ ಎಂಬ ತೊಂದರೆ ಮಕ್ಕಳಾಗದ ಗಂಡಸರಲ್ಲಿ ಮೂವರಲ್ಲೊಬ್ಬರಿಗಾದರೂ ಕಾಣುತ್ತದೆ. ನಿಲ್ಲಿಸಿ ಕೈಯಿಂದ ಪರೀಕ್ಷಿಸಿದರೆ ಎಷ್ಟೋ ಸಲ ಅಲ್ಲೇ ತಿಳಿಯುತ್ತದೆ, ಅಗತ್ಯವಿದ್ದರೆ ಸಣ್ಣ ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದು. ಬಾಯ್ಲರ್ ಕೆಲಸವನ್ನು ವೈದ್ಯರಿಗೆ ತಪ್ಪದೆ ಹೇಳಲಿ. ವೃಷಣ ದೇಹದ ಹೊರಗೆ ತೂಗಿಕೊಂಡಿರುವುದೇ ಉಳಿದ ಮೈಗಿಂತ ಎರಡರಿಂದ ನಾಲ್ಕು ಡಿಗ್ರಿ ತಂಪಾಗಿರಲೆಂದು. ಏಪ್ರಿಲ್ ಬಿಸಿಲಿನಲ್ಲಿ ಭತ್ತ ಕುದಿಯುವ ಹಂಡೆಯ ಪಕ್ಕ ಪಾಳಿಯಿಡೀ ನಿಲ್ಲುವವನಿಗೆ ಆ ತಂಪು ಎಲ್ಲಿಂದ ಬರಬೇಕು? ಗಿರಣಿಯಲ್ಲೇ ಬೇರೆ ಕೆಲಸಕ್ಕೆ, ಕನಿಷ್ಠ ಮೂರು ನಾಲ್ಕು ತಿಂಗಳಿಗೆ, ಬದಲಿ ಕೇಳಿಕೊಳ್ಳಲು ಸಾಧ್ಯವೇ ಎಂದು ನೋಡಲಿ. ಗುಟ್ಕಾ, ಬೀಡಿ ಇದ್ದರೆ ಅದೂ ನಿಲ್ಲಲಿ.

ಸತುವಿನ ಮಾತ್ರೆಯಿಂದ ಹೆಚ್ಚು ನಿರೀಕ್ಷೆ ಬೇಡ. ಅಮೆರಿಕದಲ್ಲಿ ಸಂತಾನ ಚಿಕಿತ್ಸೆಗೆ ಬಂದ 2,370 ದಂಪತಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ಗಂಡಸರಿಗೆ ಆರು ತಿಂಗಳು ಸತು ಮತ್ತು ಫೋಲಿಕ್ ಆಮ್ಲ, ಇನ್ನೊಂದಕ್ಕೆ ಅದೇ ರೂಪದ ಹುಸಿ ಮಾತ್ರೆ ಕೊಟ್ಟು ನೋಡಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಮಾತ್ರೆ ನುಂಗಿದವರ ಮನೆಯಲ್ಲಿ ನೂರಕ್ಕೆ 34, ನುಂಗದವರ ಮನೆಯಲ್ಲಿ ನೂರಕ್ಕೆ 35 ಕಡೆ ಮಗು ಹುಟ್ಟಿತು. ಮಾತ್ರೆಯವರಿಗೆ ಹೆಚ್ಚಾಗಿ ಸಿಕ್ಕಿದ್ದು ಹೊಟ್ಟೆ ತೊಳಸುವಿಕೆ. ನಿಮ್ಮ ತಮ್ಮನವರು ಹೇಳುವ ಶಕ್ತಿಯ ಇಂಜೆಕ್ಷನ್ ಟೆಸ್ಟೊಸ್ಟೆರಾನ್ ಆಗಿದ್ದರೆ, ದಯವಿಟ್ಟು ಅವರನ್ನು ಬಾಗಿಲಲ್ಲೇ ತಡೆಯಿರಿ. ಹೊರಗಿನಿಂದ ಆ ಹಾರ್ಮೋನು ಬಂದೊಡನೆ ಮೆದುಳು ವೃಷಣಕ್ಕೆ ಕೊಡುವ ಆಜ್ಞೆಯನ್ನು ನಿಲ್ಲಿಸುತ್ತದೆ, ವೀರ್ಯಾಣು ಉತ್ಪತ್ತಿ ನಿಂತೇ ಹೋಗಬಹುದು. ಗಂಡಸರಿಗೆ ಗರ್ಭನಿರೋಧಕವಾಗಿ ಇದನ್ನು ಬಳಸಬಹುದೇ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ 1990ರ ದಶಕದಲ್ಲಿ ಪ್ರಯೋಗ ನಡೆಸಿತ್ತು. ಮಕ್ಕಳಾಗಲೆಂದು ಅದನ್ನೇ ಚುಚ್ಚಿಸಿಕೊಳ್ಳುವುದೆಂದರೆ ಬಿತ್ತನೆಯ ದಿನ ಕಳೆನಾಶಕ ಹೊಡೆದಂತೆ.

ಸಂಖ್ಯೆ ಹೆಚ್ಚದೇ ಹೋದರೂ ದಾರಿಗಳಿವೆ. ಒಂದೇ ಒಂದು ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಗೆ ಸೇರಿಸುವ ಇಕ್ಸಿ ಎಂಬ ವಿಧಾನದಿಂದ ಗರ್ಭ ನಿಂತದ್ದನ್ನು ಬ್ರಸೆಲ್ಸ್‌ನ ವೈದ್ಯರು 1992ರಲ್ಲಿ ಪ್ರಕಟಿಸಿದರು. ಅದು ಹುಟ್ಟಿದ್ದೇ ಇಂಥ ಗಂಡಸರಿಗಾಗಿ. ಖರ್ಚು ದೊಡ್ಡದು, ಈಗಲೇ ಆ ಲೆಕ್ಕ ಬೇಡ. ಮುಂದೆ ಎಂದಾದರೂ ಅಲ್ಲಿಗೆ ಹೋಗುವ ಪ್ರಸಂಗ ಬಂದರೆ, ಇಂಥ ಸಂತಾನ ಚಿಕಿತ್ಸಾ ಕೇಂದ್ರಗಳಿಗೆಂದೇ ಇರುವ 2021ರ ಕಾಯ್ದೆಯಡಿ ನೋಂದಣಿಯಾದ ಕೇಂದ್ರವೇ ಎಂದು ಕೇಳಿ, ನೋಂದಣಿ ಪತ್ರ ನೋಡಿ, ಆಮೇಲೆ ದುಡ್ಡಿನ ಮಾತಾಡಿ.

ಇನ್ನು ನೀವು ಕೇಳಿದ ಪ್ರಶ್ನೆ. ನಿಮ್ಮ ಮನೆಯಲ್ಲಿ ಎರಡು ವರದಿಗಳಿವೆ, ತಾಯಿ. ಒಂದು ಮಗನದು. ಅದು ಅವನ ಮೈಯ ಗುಟ್ಟು, ಅದನ್ನು ಹೆಂಡತಿಗೆ ಹೇಳಬೇಕಾದವನು ಅವನೇ. ನೀವು ಅತ್ತೆಯಾಗಿ ಸೊಸೆಯ ಕೈಗೆ ಆ ಕಾಗದ ಇಟ್ಟರೆ ಗಂಡ ಹೆಂಡತಿಯ ನಡುವೆ ಮುಂದೆಂದೂ ತುಂಬಲಾಗದ ಬಿರುಕು ಬೀಳಬಹುದು. ಇನ್ನೊಂದು ಸೊಸೆಯದು, ಮೂರು ವರ್ಷಗಳ ದಪ್ಪ ಕಡತ, ಪುಟ ಪುಟದಲ್ಲೂ ಸರಿಯಿದೆ ಎಂದು ಬರೆದದ್ದು. ಅದು ಗುಟ್ಟಲ್ಲ. ಅದನ್ನು ನೀವು ಯಾರ ಮುಂದೆ ಬೇಕಾದರೂ ಗಟ್ಟಿಯಾಗಿ ಓದಬಹುದು. ಇಷ್ಟು ದಿನ ಓದದೆ ಇದ್ದುದೇ ತಪ್ಪು. ನಾಟಿ ಮಾಡಿದ ಭತ್ತ ಏಳದಿದ್ದರೆ ಮೊದಲು ಬೀಜದ ಅಂಗಡಿಯವನನ್ನು ಹಿಡಿದು ಕೇಳುವ ಊರು ನಿಮ್ಮದು. ಮನೆಯೊಳಗೆ ಮಾತ್ರ ಆರು ವರ್ಷ ಹೊಲವನ್ನೇ ಬೈದಿರಿ. ಹೆಂಗಸನ್ನು ಹೊಲವೆನ್ನುವ ಮಾತೂ ಅರ್ಧ ಸುಳ್ಳೇ, ಏಕೆಂದರೆ ಅಂಡಾಣುವೂ ಬೀಜವೇ. ಸಂತಾನ ತಡವಾದರೆ ಗಂಡ ಹೆಂಡತಿ ಇಬ್ಬರನ್ನೂ ಒಟ್ಟಿಗೇ ಪರೀಕ್ಷಿಸಲು ತೊಡಗಬೇಕೆಂದು ಅಮೆರಿಕದ ಮೂತ್ರರೋಗ ತಜ್ಞರ ಮತ್ತು ಸಂತಾನ ವೈದ್ಯರ ಸಂಘಗಳು 2020ರಲ್ಲಿ ಸೇರಿ ಬರೆದ ಮಾರ್ಗಸೂಚಿ ಹೇಳುತ್ತದೆ. ಅದಕ್ಕೂ ಮುಂಚೆ ಇದು ಯಾರಿಗೂ ಗೊತ್ತಿರಲಿಲ್ಲ ಎಂದಲ್ಲ. ಎರಡು ಸಲ ಎಕ್ಸ್-ರೇ ಮೇಜಿನ ಮೇಲೆ ಅವಳನ್ನು ಮಲಗಿಸುವ ಮೊದಲು ಗಂಡನ ಕೈಗೆ ಒಂದು ಡಬ್ಬಿ ಕೊಡಬೇಕೆಂದು ಯಾವ ವೈದ್ಯರಿಗೂ ತೋಚಲಿಲ್ಲವೆಂಬುದು ನನಗೆ ಸಿಟ್ಟು ತರಿಸುತ್ತದೆ.

ಮಗನೊಡನೆ ಮನೆಯಲ್ಲಿ ಮಾತಾಡಬೇಡಿ, ವರದಿಯನ್ನು ಕೈಯಲ್ಲಿ ಹಿಡಿದುಕೊಂಡಂತೂ ಬೇಡ. ಹೊಲದ ಬದುವಿನ ಮೇಲೆಯೋ ಕಾಲುವೆಯ ದಂಡೆಯಲ್ಲೋ ಇಬ್ಬರೇ ಇದ್ದಾಗ, ನಿಮ್ಮ ಮಾತಿನಲ್ಲೇ ಹೇಳಿ: "ನಿನ್ನ ಕಾಗದ ನನ್ನ ಕಣ್ಣಿಗೆ ಬಿತ್ತಪ. ನಾ ಯಾರ ಮುಂದೂ ಬಾಯಿ ಬಿಟ್ಟಿಲ್ಲ, ಬಿಡೂದೂ ಇಲ್ಲ. ಆದ್ರ ಆ ಹುಡುಗಿ ಹೊಟ್ಟಿ ಕೊಯ್ಸಾಕ ಹೊಂಟಾಳ. ಅಕಿಗೆ ನೀನ ಹೇಳಬೇಕು." ಅಲ್ಲಿಗೆ ನಿಲ್ಲಿಸಿ. ಅವನು ಸಿಡುಕಬಹುದು, ಎದ್ದು ಹೋಗಬಹುದು. ಅವನು ಹೆದರಿರುವುದು ಸಂಖ್ಯೆಗಲ್ಲ, ಊರು ಅದಕ್ಕೆ ಇಡುವ ಹೆಸರಿಗೆ. ವೀರ್ಯಾಣು ಕಡಿಮೆ ಇರುವುದಕ್ಕೂ ಗಂಡಸುತನಕ್ಕೂ ಸಂಬಂಧವಿಲ್ಲ ಎಂದು ವೈದ್ಯರಿಂದಲೇ ಅವನಿಗೆ ಹೇಳಿಸಿ. ತನ್ನೊಬ್ಬನಿಗೇ ಹೀಗಾಗಿದೆ ಎಂದೂ ಅವನು ಅಂದುಕೊಂಡಿರಬಹುದು. ಜಗತ್ತಿನ ವಯಸ್ಕರಲ್ಲಿ ಸುಮಾರು ಆರರಲ್ಲಿ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಬಂಜೆತನದ ತೊಂದರೆ ಅನುಭವಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಲೆಕ್ಕ ಹಾಕಿತು, ಇಂಥ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡನ ಪಾಲೂ ಇರುತ್ತದೆ. ಬಂಜೆ ಎಂಬ ಮಾತಿಗೆ ನಮ್ಮ ಬಾಯಲ್ಲಿ ಗಂಡುರೂಪವೇ ಇಲ್ಲದಿರುವುದನ್ನು ಗಮನಿಸಿದ್ದೀರಾ?

ಅವನಿಗೆ ಕೊಡಬೇಕಾದ ಗಡುವು ಯುಗಾದಿಯಲ್ಲ, ಲ್ಯಾಪರೊಸ್ಕೋಪಿಯ ದಿನ. ಹೊಟ್ಟೆಗೆ ಸಣ್ಣ ತೂತು ಕೊರೆದು, ಕ್ಯಾಮೆರಾ ಇಳಿಸಿ ನೋಡುವ ಆ ಶಸ್ತ್ರಕ್ರಿಯೆಗೆ ಅರಿವಳಿಕೆ ಬೇಕು, ಅದರ ಅಪಾಯಗಳು ಚಿಕ್ಕವಾದರೂ ಇದ್ದೇ ಇವೆ. ಸೊಸೆಗೆ ಅದು ನಿಜವಾಗಿ ಬೇಕಾಗಬಹುದು, ಬೇಡವಾಗಲೂಬಹುದು. ಗಂಡನ ಎರಡನೆಯ ವರದಿ ಕೈಗೆ ಬಾರದೆ ಅದನ್ನು ತೀರ್ಮಾನಿಸಲು ವೈದ್ಯರಿಗೂ ಬರುವುದಿಲ್ಲ. ಹೀಗಾಗಿ ದಿನವನ್ನು ಮುಂದಕ್ಕೆ ಹಾಕಿಸಿ, ಕಾರಣ ಕೇಳಿದರೆ ಹಣ ಹೊಂದಿಸಬೇಕು ಎನ್ನಿ. ಮಗ ಆಗಲೂ ಬಾಯಿ ಬಿಡದೆ, ಹೆಂಡತಿಯನ್ನು ಆಪರೇಷನ್ ಮೇಜಿನ ಮೇಲೆ ಮಲಗಿಸಲು ಒಪ್ಪಿದರೆ, ಅಲ್ಲಿಗೆ ಅವನ ಗುಟ್ಟಿನ ಹಕ್ಕು ಮುಗಿಯಿತು. ಗಂಡನ ಪರೀಕ್ಷೆ ಆಗದ ಹೊರತು ಸಹಿ ಹಾಕಬೇಡ ಎಂದು ಸೊಸೆಗೆ ನೀವೇ ಹೇಳಬೇಕು. ಅಷ್ಟು ಹೇಳಿದರೆ ಸಾಕು, ಉಳಿದದ್ದನ್ನು ಅವಳೇ ಅವನನ್ನು ಕೇಳುತ್ತಾಳೆ.

ಎರಡನೆಯ ಮದುವೆಯ ಮಾತನ್ನು ಯುಗಾದಿಯವರೆಗೆ ಬೆಳೆಯಲು ಬಿಡಬೇಡಿ. ಮೊದಲ ಹೆಂಡತಿ ಇರುವಾಗ ಮಾಡಿದ ಮದುವೆ ಹಿಂದೂ ವಿವಾಹ ಕಾಯ್ದೆಯಂತೆ ಮದುವೆಯೇ ಅಲ್ಲ, ಭಾರತೀಯ ನ್ಯಾಯ ಸಂಹಿತೆಯ 82ನೆಯ ಕಲಮಿನಂತೆ ಏಳು ವರ್ಷದವರೆಗೆ ಜೈಲಾಗುವ ಅಪರಾಧ. ನಾದಿನಿಗೆ ಇದನ್ನು ತಿಳಿಸಿ. ಅದರ ಜೊತೆಗೇ ಸೊಸೆಯ ಕಡತ ತೆಗೆದು, "ಅಕಿ ಕಡೆ ಏನೂ ತೊಂದ್ರಿ ಇಲ್ಲ ಅಂತ ಡಾಕ್ಟ್ರೇ ಬರದಾರ" ಎಂದು ಹೇಳಿ. ಮಗನ ವಿಷಯ ಒಂದಕ್ಷರವೂ ಎತ್ತದೆ ಇಷ್ಟನ್ನು ಹೇಳಲು ನಿಮಗೆ ಸಾಧ್ಯ. ಇನ್ನೊಬ್ಬಳನ್ನು ತಂದರೂ ತೊಟ್ಟಿಲು ತೂಗದೇ ಹೋಗಬಹುದೆಂಬುದು ನಿಮ್ಮೊಬ್ಬರಿಗೇ ಗೊತ್ತು. ಗೊತ್ತಿದ್ದೂ ಸುಮ್ಮನೆ ಕುಳಿತರೆ ಹಾಳಾಗುವುದು ಎರಡು ಹೆಣ್ಣುಮಕ್ಕಳ ಬಾಳು.

ಕೊನೆಗೆ, ಅವಳ ಮುಖ ನೋಡುವ ಮಾತು. ಕುಬಸದ ದಿನದ್ದಕ್ಕೆ ಕ್ಷಮೆ ಕೇಳಲು ಮಗ ಬಾಯಿ ಬಿಡುವವರೆಗೆ ಕಾಯಬೇಕಿಲ್ಲ, ಏಕೆಂದರೆ ದೋಷ ಯಾರಲ್ಲೇ ಇದ್ದಿದ್ದರೂ ಅಂದು ಅವಳನ್ನು ತಡೆದದ್ದು ತಪ್ಪೇ ಆಗಿತ್ತು. ಬಾಯಿಂದ ಹೇಳಲು ಬಾರದಿದ್ದರೆ ಮುಂದಿನ ಶುಕ್ರವಾರ ಅವಳನ್ನು ಮಣೆಯ ಮೇಲೆ ಕೂಡಿಸಿ, ಖಣ, ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬು, ಐದು ಬೊಗಸೆ ಅಕ್ಕಿ ಹಾಕಿ ನೀವೇ ಅವಳ ಉಡಿ ತುಂಬಿ. ಇನ್ನು ಮುಂದೆ ಯಾರ ಮನೆಯ ಕುಬಸಕ್ಕೆ ಹೋದರೂ ಅವಳನ್ನು ನಿಮ್ಮ ಪಕ್ಕದಲ್ಲೇ ನಿಲ್ಲಿಸಿಕೊಳ್ಳಿ, ಆರತಿ ತಟ್ಟೆಯನ್ನು ಅವಳ ಕೈಗೆ ನೀವೇ ಕೊಡಿ. ಯಾರಾದರೂ ಬೇಡವೆಂದರೆ ಉತ್ತರ ಕೊಡುವವರು ನೀವಾಗಿರಬೇಕು, ಅವಳಲ್ಲ.