ಮೊದಲು ಹೊತ್ತು, ಆಮೇಲೆ ವೇಗ
ವ್ಯಾಯಾಮದ ಬಗ್ಗೆ ಓದುಗರ ಪ್ರಶ್ನೆಗಳಿಗೆ ಕಾರವಾರದ ಫಿಟ್‌ನೆಸ್ ಟ್ರೇನರ್ ಒಬ್ಬರ ಉತ್ತರ

ಪ್ರಶ್ನೆ: ಅಕ್ಕಾ, ನಾನು ಶಿರಸಿಯ ಜಿಮ್ ಒಂದರಲ್ಲಿ ಹೊಸ ಟ್ರೇನರ್. 50 ವರ್ಷದ ಅಡಿಕೆ ಬೆಳೆಗಾರರೊಬ್ಬರು ಸೇರಿದ್ದಾರೆ. ಮೂರು ತಿಂಗಳಲ್ಲಿ ಮಗಳ ಮದುವೆ, ಅಷ್ಟರೊಳಗೆ ಹೊಟ್ಟೆ ಇಳಿಯಬೇಕಂತೆ. ಮೊದಲ ದಿನದಿಂದಲೇ ಜೋರು ಇಂಟರ್ವಲ್ ಓಟ (ಸ್ವಲ್ಪ ಹೊತ್ತು ಬಿರುಸು, ಸ್ವಲ್ಪ ಹೊತ್ತು ಮೆಲ್ಲಗೆ) ಮಾಡಿಸು ಅಂತ ಹಟ. ಬಿ.ಪಿ., ಶುಗರ್ ಏನೂ ಇಲ್ಲ ಅನ್ನುತ್ತಾರೆ. ಎಲ್ಲಿಂದ ಶುರು ಮಾಡಿಸಲಿ?
– ಹೊಸ ಟ್ರೇನರ್, ಶಿರಸಿ

ಉತ್ತರ: ಮೊದಲು ಕೂರಿಸಿ ಮಾತಾಡಿಸಿ. ಟ್ರೆಡ್‌ಮಿಲ್ ಆಮೇಲೆ. ಬಿ.ಪಿ. ಇಲ್ಲ ಅನ್ನುವವರಲ್ಲಿ ಎಷ್ಟೋ ಜನ ಬಿ.ಪಿ. ನೋಡಿಸಿಕೊಂಡೇ ಇರುವುದಿಲ್ಲ. ಕೊನೆಯ ಸಲ ನೋಡಿಸಿದ್ದು ಯಾವಾಗ ಅಂತ ಕೇಳಿ. ತೋಟದಿಂದ ಮನೆಗೆ ಹತ್ತುವಾಗ ಎದೆ ಹಿಡಿದ ಹಾಗೆ ಆಗುತ್ತದಾ, ತಲೆ ತಿರುಗುತ್ತದಾ, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹಾರ್ಟ್ ಅಟ್ಯಾಕ್ ಆಗಿತ್ತಾ, ಮಂಡಿ ಹೇಗಿದೆ, ಎಲ್ಲ ಬರೆದುಕೊಳ್ಳಿ. ಎದೆ, ತಲೆಸುತ್ತಿನ ಪ್ರಶ್ನೆಗೆ ಹೌದು ಅಂದರೆ ಡಾಕ್ಟರು ನೋಡುವವರೆಗೆ ಏನೂ ಮಾಡಿಸಬೇಡಿ. ಫೀಸು ಕಟ್ಟಿದ್ದಾರೆ ಅನ್ನುವ ಮುಲಾಜು ಬೇಡ.

ತೊಂದರೆ ಏನೂ ಇಲ್ಲ ಅಂತಾದರೆ ನಡಿಗೆಯಿಂದ ಶುರು. ವಾರಕ್ಕೆ ನಾಲ್ಕು ದಿನ, ದಿನಕ್ಕೆ 20 ನಿಮಿಷ, ಸಮತಟ್ಟಾದ ಜಾಗದಲ್ಲಿ. ನಿಮ್ಮೂರಲ್ಲಿ ರಸ್ತೆ ಅಂದರೆ ಏರು ಇಲ್ಲವೇ ಇಳಿತ, ಅಲ್ವಾ? ಹಾಗಾಗಿ ಮೊದಲಿಗೆ ಮೈದಾನವೋ ಟ್ರೆಡ್‌ಮಿಲ್ಲೋ ಇರಲಿ. ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಐದು ನಿಮಿಷ ಸೇರಿಸುತ್ತಾ ಹೋಗಿ. ದಿನಕ್ಕೆ 30 ನಿಮಿಷದಂತೆ ಐದು ದಿನ ಮಾಡಿದರೆ ವಾರಕ್ಕೆ 150 ನಿಮಿಷ. ಮಧ್ಯಮ ಶ್ರಮದ ವ್ಯಾಯಾಮಕ್ಕೆ ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಕನಿಷ್ಠ ಅಷ್ಟೇ. ಅದು ಸಲೀಸಾದ ಮೇಲೆ ವೇಗ ಹೆಚ್ಚಿಸಿ, ಅಥವಾ ಏರು ಕೊಡಿ. ಎರಡನ್ನೂ ಒಂದೇ ವಾರದಲ್ಲಿ ಕೊಡಬೇಡಿ. ಮಂಡಿ ನೋವು ಬಂದರೆ ಯಾವುದರಿಂದ ಬಂತು ಅಂತ ನಿಮಗೇ ಗೊತ್ತಾಗುವುದಿಲ್ಲ.

ಇಷ್ಟು ನಿಧಾನ ಯಾಕೆ ಅಂತ ಅವರು ಕೇಳಿಯೇ ಕೇಳುತ್ತಾರೆ. ಉಸಿರು ಬೇಗ ಪಳಗುತ್ತದೆ. ಕೆಲವೇ ವಾರದಲ್ಲಿ ಏದುಸಿರು ಕಡಿಮೆಯಾಗಿ, ಇನ್ನೂ ಓಡಬಲ್ಲೆ ಅನ್ನಿಸುತ್ತದೆ. ಹಿಮ್ಮಡಿಯ ಸ್ನಾಯುರಜ್ಜು, ಮಂಡಿ, ಮೊಣಕಾಲಿನ ಕೆಳಗಿನ ಮೂಳೆ ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು. ಹೆಚ್ಚಿನವರು ಪೆಟ್ಟು ಮಾಡಿಕೊಳ್ಳುವುದು ಈ ನಡುವಿನ ಹೊತ್ತಿನಲ್ಲೇ. ಆಗ ತಡೆದು ನಿಲ್ಲಿಸುವುದೇ ನಿಮ್ಮ ಕೆಲಸ.

ಎಷ್ಟು ಶ್ರಮ ಅನ್ನುವುದಕ್ಕೆ ಲೆಕ್ಕ ಬೇಕು ಅಂದರೆ ಇಲ್ಲಿದೆ. 220ರಲ್ಲಿ ವಯಸ್ಸು ಕಳೆದರೆ ಅವರ ಗರಿಷ್ಠ ಹೃದಯ ಬಡಿತ ಸುಮಾರು 170. ಬೆಳಿಗ್ಗೆ ಎದ್ದ ಕೂಡಲೇ ಎಣಿಸಿದ ಬಡಿತ 74 ಅಂತಿಟ್ಟುಕೊಳ್ಳಿ. ನಡುವಿನ ಅಂತರ 96. ಅದರಲ್ಲಿ ಶೇ. 40ರಿಂದ 60ರಷ್ಟನ್ನು 74ಕ್ಕೆ ಕೂಡಿಸಿದರೆ 112ರಿಂದ 132. ಮಧ್ಯಮ ಶ್ರಮ ಅಂದರೆ ಇದು. ಆದರೆ 170 ಅನ್ನುವುದು ಅಂದಾಜು. ಒಂದೇ ವಯಸ್ಸಿನ ಇಬ್ಬರಲ್ಲಿ ಹತ್ತು-ಹನ್ನೆರಡು ಬಡಿತ ಆಚೀಚೆ ಇರುವುದು ಮಾಮೂಲು. ಹಾಗಾಗಿ ನಾನು ವಾಚಿಗಿಂತ ಬಾಯಿಯನ್ನೇ ಜಾಸ್ತಿ ನಂಬುತ್ತೇನೆ. ಅವರು ನಡೆಯುತ್ತಿರುವಾಗ ಪಕ್ಕದಲ್ಲಿ ನಿಂತು ಚಾಲಿ ಅಡಿಕೆಗೆಷ್ಟು, ರಾಶಿ ಅಡಿಕೆಗೆಷ್ಟು ದರ ಅಂತ ಕೇಳಿ. ಪೂರ್ತಿ ವಾಕ್ಯದಲ್ಲಿ ಹೇಳಿದರೆ ಸರಿಯಾಗಿದೆ. ಎರಡು ಶಬ್ದಕ್ಕೊಮ್ಮೆ ಉಸಿರೆಳೆದುಕೊಂಡರೆ ವೇಗ ಇಳಿಸಿ. ಹಾಡು ಹೇಳುವಷ್ಟು ಆರಾಮಾಗಿದ್ದರೆ ತುಸು ಏರಿಸಿ.

ಇಂಟರ್ವಲ್ ಎರಡು ತಿಂಗಳಾದ ಮೇಲೆ ನೋಡೋಣ. ಒಂದು ನಿಮಿಷ ಬಿರುಸು, ಎರಡು ನಿಮಿಷ ಮೆಲ್ಲಗೆ, ನಾಲ್ಕು ಸುತ್ತು, ವಾರಕ್ಕೆ ಒಂದೇ ದಿನ. ಯಾವ ದಿನವೂ ಗಕ್ಕನೆ ಮಷಿನ್ ನಿಲ್ಲಿಸಬೇಡಿ. ರಕ್ತ ಕಾಲಲ್ಲೇ ಉಳಿದು ತಲೆ ತಿರುಗಿ ಬೀಳುತ್ತಾರೆ. ಕೊನೆಯ ಐದು ನಿಮಿಷ ನಿಧಾನ ನಡಿಗೆ ಇರಲೇಬೇಕು.

ಹೊಟ್ಟೆಯ ವಿಷಯ ಅವರಿಗೆ ನೇರವಾಗಿ ಹೇಳಿಬಿಡಿ. ಮೂರು ತಿಂಗಳಲ್ಲಿ ಊಟವೂ ಹತೋಟಿಗೆ ಬಂದರೆ ಸ್ವಲ್ಪ ಇಳಿಯುತ್ತದೆ. ಮದುವೆಯ ದಿನವಿಡೀ ಆಯಾಸವಿಲ್ಲದೆ ಓಡಾಡುವ ಶಕ್ತಿಯಂತೂ ಬರುತ್ತದೆ.

ಪ್ರಶ್ನೆ: ನನ್ನ ಅಮ್ಮನಿಗೆ 58. ಬಿ.ಪಿ.ಗೆ ಮೆಟೊಪ್ರೊಲಾಲ್ ತಗೊಳ್ತಾರೆ. ಜಿಮ್‌ನಲ್ಲಿ ವಾಚ್ ನೋಡಿ ಹೃದಯ ಬಡಿತ 130 ಬರಲೇಬೇಕು ಅಂತಾರೆ. ಅಮ್ಮ ಎಷ್ಟು ಕಷ್ಟಪಟ್ಟರೂ 105 ದಾಟುವುದಿಲ್ಲ. ಮಾತ್ರೆ ಬಿಟ್ಟು ಹೋಗಬಹುದಾ?
– ಓದುಗರು, ಕುಮಟಾ

ಉತ್ತರ: ಖಂಡಿತ ಬೇಡ. ಡಾಕ್ಟರನ್ನು ಕೇಳದೆ ಒಂದು ದಿನವೂ ಬಿಡಿಸಬೇಡಿ. ಹೃದಯ ಬಡಿತವನ್ನು ತಗ್ಗಿಸುವುದೇ ಆ ಮಾತ್ರೆಯ ಕೆಲಸ, ಅದು ತನ್ನ ಕೆಲಸ ಸರಿಯಾಗಿ ಮಾಡುತ್ತಿದೆ. ಅಂಥವರಿಗೆ 220ರ ಲೆಕ್ಕ ನಡೆಯುವುದಿಲ್ಲ. 130 ಮುಟ್ಟಿಸಲು ಹೋದರೆ ಅವರನ್ನು ಸುಮ್ನೆ ಹಿಂಸೆ ಮಾಡಿದಂತೆ. ಇದನ್ನು ಓದಿ ನನಗೆ ನಿಜಕ್ಕೂ ಸಂಕಟವಾಯಿತು. ವಾಚ್ ಬಿಚ್ಚಿಡಿ. ಶ್ರಮಕ್ಕೆ ಅಮ್ಮನೇ ಅಂಕ ಕೊಡಲಿ: ಸುಮ್ಮನೆ ಕೂತದ್ದು ಸೊನ್ನೆ, ಇನ್ನು ಆಗುವುದೇ ಇಲ್ಲ ಅನ್ನುವುದು ಹತ್ತು. ಅಮ್ಮನಿಗೆ ಐದು-ಆರು ಅನ್ನಿಸುವಷ್ಟು ಶ್ರಮ ಸಾಕು. ಯಾವ ಮಾತ್ರೆ ಅಂತ ಚೀಟಿಯಲ್ಲಿ ಬರೆದು ಟ್ರೇನರ್ ಕೈಗೆ ಕೊಡಿ.

ಪ್ರಶ್ನೆ: ಪೊಲೀಸ್ ಫಿಸಿಕಲ್‌ಗೆ 1600 ಮೀಟರ್ ಓಟದ ತಯಾರಿ ಮಾಡುತ್ತಿದ್ದೇನೆ. ದಿನಾ ಬರಿಗಾಲಲ್ಲಿ ಟ್ಯಾಗೋರ್ ಬೀಚಿನಲ್ಲಿ ಜೋರಾಗಿ ಓಡುತ್ತೇನೆ. ಎರಡು ವಾರದಿಂದ ಮೊಣಕಾಲಿನ ಕೆಳಗೆ, ಮುಂದಿನ ಮೂಳೆ ನೋಯುತ್ತಿದೆ.
– ಓದುಗರು, ಕಾರವಾರ

ಉತ್ತರ: ದಿನಾ ಜೋರು ಓಟ, ಅದೂ ಮರಳಲ್ಲಿ. ನೋವಿಗೆ ಅದೇ ಕಾರಣ ಇರಬೇಕು. ಒಣ ಮರಳಲ್ಲಿ ಓಡಲು ಗಟ್ಟಿ ನೆಲಕ್ಕಿಂತ ಒಂದೂವರೆ ಪಟ್ಟು ಶಕ್ತಿ ಬೇಕು. ನೀರಿನಂಚಿನ ಒದ್ದೆ ಮರಳು ಗಟ್ಟಿ, ಆದರೆ ಸಮುದ್ರದ ಕಡೆಗೆ ವಾಲಿರುತ್ತದೆ. ಒಂದೇ ದಿಕ್ಕಿಗೆ ಓಡಿದರೆ ಒಂದು ಕಾಲು ಯಾವಾಗಲೂ ತಗ್ಗಿನಲ್ಲಿ. ಪರೀಕ್ಷೆ ಮೈದಾನದಲ್ಲಿ ತಾನೇ? ಶೂ ಹಾಕಿ ಮೈದಾನದಲ್ಲೇ ಓಡಿ. ವಾರಕ್ಕೆ ನಾಲ್ಕು ದಿನ ಸಾಕು, ಅದರಲ್ಲಿ ಮೂರು ದಿನ ಮಾತಾಡಿಕೊಂಡು ಓಡುವಷ್ಟು ನಿಧಾನ, ಒಂದು ದಿನ ಮಾತ್ರ ಜೋರು. ಏಪ್ರಿಲ್-ಮೇನಲ್ಲಿ ನಮ್ಮ ಕರಾವಳಿಯ ಸೆಕೆಗೆ ಬೆವರು ಆರುವುದೇ ಇಲ್ಲ, ಅದೇ ವೇಗಕ್ಕೆ ಹೃದಯ ಜಾಸ್ತಿ ಬಡಿಯುತ್ತದೆ. ಆಗ ಟೈಮಿಂಗ್ ಹಿಂದೆ ಬಿದ್ದರೆ ಗಾಬರಿ ಬೇಡ.

ಇದೆಲ್ಲ ನೋವು ಹೋದ ಮೇಲೆ. ಈಗ ಓಟ ನಿಲ್ಲಿಸಿ, ನೋಯದಿದ್ದರೆ ಸೈಕಲ್ ತುಳಿಯಿರಿ. ಮೂಳೆಯ ಮೇಲೆ ಬೆರಳಿಟ್ಟು ಒತ್ತಿ ನೋಡಿ. ನೋವು ಉದ್ದಕ್ಕೂ ಹರಡಿದ್ದರೆ ವಿಶ್ರಾಂತಿಯಲ್ಲಿ ಇಳಿಯುವುದೇ ಹೆಚ್ಚು. ಒಂದೇ ಚುಕ್ಕೆಯಲ್ಲಿ ಚುಚ್ಚಿದರೆ, ಅಥವಾ ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟಿರಬಹುದು. ಈ ವಾರವೇ ಮೂಳೆ ಡಾಕ್ಟರಿಗೆ ತೋರಿಸಿ. ಎಕ್ಸ್‌ರೇಯಲ್ಲಿ ಮೊದಮೊದಲು ಅದು ಕಾಣದೇ ಇರಬಹುದು, ಆದ್ದರಿಂದ ನೋವು ಯಾವಾಗಿಂದ, ದಿನಕ್ಕೆ ಎಷ್ಟು ಓಡುತ್ತಿದ್ದಿರಿ ಅನ್ನುವುದನ್ನು ಮುಚ್ಚಿಡದೆ ಹೇಳಿ.