ಜೇಡ ಕಚ್ಚಿದರೆ ಹೃದಯಕ್ಕೆ ಕುತ್ತೇ?

ಪ್ರಶ್ನೆ: ಮಗ ಸಿಡ್ನಿಯಲ್ಲಿ ಕೆಲಸದಲ್ಲಿದ್ದಾನೆ. ಹಿತ್ತಲಲ್ಲಿ ಬಿಟ್ಟಿದ್ದ ಶೂ ಒಳಗೆ ಕಪ್ಪು ಜೇಡ ಇತ್ತಂತೆ. ಪುಣ್ಯಕ್ಕೆ ಕಚ್ಚಲಿಲ್ಲ. ಕಚ್ಚಿದ್ದರೆ ಹೃದಯವೇ ನಿಂತುಹೋಗುತ್ತಿತ್ತು ಎಂದು ಯಾರೋ ಹೆದರಿಸಿದ್ದಾರೆ. ನಿಜವೇ? ನಮ್ಮ ಮನೆಯ ಜೇಡಗಳಿಂದಲೂ ಹೀಗಾಗುತ್ತದೆಯೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಹೆದರಿಸಿದವರ ಮಾತು ಪೂರ್ತಿ ಸುಳ್ಳಲ್ಲ. ಸಿಡ್ನಿಯ ಸುತ್ತಮುತ್ತ ಫನಲ್‌ವೆಬ್ ಎಂಬ ಜೇಡವಿದೆ, ಮೈ ಎಣ್ಣೆ ಸವರಿದಂತೆ ಕಪ್ಪಗೆ ಮಿರುಗುತ್ತದೆ. ಹೆಣ್ಣನ್ನು ಹುಡುಕಿಕೊಂಡು ಅಲೆಯುವ ಗಂಡು ಜೇಡವೇ ಶೂ, ಬಟ್ಟೆರಾಶಿಗಳಲ್ಲಿ ಸೇರಿಕೊಳ್ಳುವುದು. ವಿಷ ಹೆಚ್ಚು ಘೋರವಾಗಿರುವುದೂ ಗಂಡಿನದೇ.

ಈ ವಿಷದ ಮುಖ್ಯ ಗುರಿ ಹೃದಯವಲ್ಲ, ನರಗಳು. ನರದೊಳಗೆ ಸೋಡಿಯಂ ನುಗ್ಗುವ ಬಾಗಿಲನ್ನು ಅದು ಮುಚ್ಚಗೊಡುವುದಿಲ್ಲ. ನರಗಳು ಬಿಡುವಿಲ್ಲದೆ ಮಿಡಿದು ಅಡ್ರಿನಲಿನ್, ನಾರ್‌ಅಡ್ರಿನಲಿನ್‌ಗಳನ್ನು ರಕ್ತಕ್ಕೆ ಸುರಿಯುತ್ತವೆ. ಹೃದಯ ಬಳಲುವುದು ನಮ್ಮದೇ ದೇಹದ ಈ ರಾಸಾಯನಿಕಗಳ ಹೊಡೆತಕ್ಕೆ. ಬಿಪಿ ಏರುತ್ತದೆ, ಬಡಿತದ ಲಯ ತಪ್ಪುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಕೊನೆಗೆ ಬಿಪಿ ಕುಸಿಯುತ್ತದೆ. ಬಾಯಿಯ ಸುತ್ತ ಜುಮುಜುಮು, ನಾಲಿಗೆಯ ಅದುರು, ಬೆವರು, ಜೊಲ್ಲು ಇವು ಮೊದಲ ಸೂಚನೆಗಳು.

ಕಚ್ಚಿದರೆ ಮಗ ನಡೆದಾಡಬಾರದು. ಅಗಲವಾದ ಎಲಾಸ್ಟಿಕ್ ಬ್ಯಾಂಡೇಜನ್ನು ಕಚ್ಚಿದ ಜಾಗಕ್ಕೂ, ಆಮೇಲೆ ಬೆರಳ ತುದಿಯಿಂದ ಇಡೀ ಕೈ ಅಥವಾ ಕಾಲಿಗೂ ಬಿಗಿಯಾಗಿ ಸುತ್ತಿ, ಕೋಲು ಕಟ್ಟಿ ಅಲ್ಲಾಡದಂತೆ ಮಾಡಬೇಕು. ಅಲ್ಲಿನ ತುರ್ತು ಸೇವೆಯ 000 ಸಂಖ್ಯೆಗೆ ಕರೆ ಮಾಡಬೇಕು. ಮೈಗೆ ಹಗುರ ಎನಿಸಿತೆಂದು ದಾರಿಯಲ್ಲಿ ಬ್ಯಾಂಡೇಜು ಬಿಚ್ಚುವುದೇ ದೊಡ್ಡ ತಪ್ಪು: ತಡೆದಿಟ್ಟಿದ್ದ ವಿಷ ಒಮ್ಮೆಲೇ ರಕ್ತಕ್ಕೆ ನುಗ್ಗುತ್ತದೆ. ಪ್ರತಿವಿಷ ಕೈಯಲ್ಲಿದ್ದಾಗಲೇ ಆಸ್ಪತ್ರೆಯವರು ಅದನ್ನು ಬಿಚ್ಚುತ್ತಾರೆ. ಲಕ್ಷಣ ಕಂಡರೆ ಮೊದಲಿಗೆ ಪ್ರತಿವಿಷದ 2 ಆಂಪೂಲ್ (ಪುಟ್ಟ ಸೀಸೆ), ಸ್ಥಿತಿ ಗಂಭೀರವಿದ್ದರೆ 4. ಮಕ್ಕಳಿಗೂ ಅಷ್ಟೇ ಪ್ರಮಾಣ, ಏಕೆಂದರೆ ಹೊಕ್ಕ ವಿಷ ಮೈತೂಕ ನೋಡಿ ಕಡಿಮೆಯಾಗುವುದಿಲ್ಲ. 1981ರಲ್ಲಿ ಈ ಪ್ರತಿವಿಷ ಬಳಕೆಗೆ ಬಂದ ಮೇಲೆ ಫನಲ್‌ವೆಬ್ ಕಚ್ಚಿ ಯಾರೂ ಸತ್ತ ದಾಖಲೆಯಿಲ್ಲ. ನೀವು ಹಿಡಿದುಕೊಳ್ಳಬೇಕಾದ ಮಾತು ಇದೇ.

ಬೆನ್ನ ಮೇಲೆ ಕೆಂಪು ಪಟ್ಟೆಯಿರುವ ರೆಡ್‌ಬ್ಯಾಕ್ ಎಂಬ ಅಲ್ಲಿನ ಇನ್ನೊಂದು ಜೇಡ ಕಚ್ಚಿದರೆ ಮಾತ್ರ ಬ್ಯಾಂಡೇಜು ಬೇಡ. ಅದರ ವಿಷ ನಿಧಾನದ್ದು, ಬಿಗಿದರೆ ನೋವು ಹೆಚ್ಚುತ್ತದೆ ಅಷ್ಟೆ. ಬಟ್ಟೆಯಲ್ಲಿ ಸುತ್ತಿದ ಐಸ್ ಸಾಕು. ಹೃದಯದ ಸ್ನಾಯು ಊದುವುದು ಇದರಲ್ಲಿ ಅಪರೂಪ, ಆದರೂ ಎದೆನೋವು, ಏದುಸಿರು ಬಂದರೆ ಇಸಿಜಿ, ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತಿಳಿಸುವ ಟ್ರೋಪೊನಿನ್ ರಕ್ತಪರೀಕ್ಷೆ, ಎಕೋ (ಹೃದಯದ ಸ್ಕ್ಯಾನ್) ಮಾಡಿಸಬೇಕು. ಯಾವ ಜೇಡವೆಂದು ಗೊತ್ತಾಗದಿದ್ದರೆ? ದೊಡ್ಡ ಕಪ್ಪು ಜೇಡವಾಗಿದ್ದರೆ ಫನಲ್‌ವೆಬ್ ಎಂದೇ ತಿಳಿದು ಕಟ್ಟಲಿ.

ನಿಮ್ಮ ಗೋಡೆಯ ಜೇಡಗಳ ಚಿಂತೆ ಬಿಡಿ. ನಮ್ಮ ಕಡೆ ಹೃದಯಕ್ಕೆ ಇದೇ ಬಗೆಯ ಪೆಟ್ಟು ಕೊಡುವುದು ಕೆಂಪು ಚೇಳು, ಅದರಲ್ಲೂ ಮಕ್ಕಳಿಗೆ. ಕುಟುಕಿದ ಮೇಲೆ ವಾಂತಿ, ಮೈಯೆಲ್ಲ ಬೆವರು, ಕೈಕಾಲು ತಣ್ಣಗಾಗುವುದು ಕಂಡರೆ ಮಂತ್ರ, ನಾಟಿ ಮದ್ದು ಎಂದು ಹೊತ್ತು ಕಳೆಯಬೇಡಿ. ಮಹಾರಾಷ್ಟ್ರದ ಮಹಾಡ್‌ನಲ್ಲಿ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಬಳಕೆಗೆ ತಂದ, ಬಿಪಿ ಇಳಿಸುವ ಪ್ರಾಜೋಸಿನ್ ಮಾತ್ರೆ ಇಲ್ಲಿ ಜೀವ ಉಳಿಸುತ್ತದೆ. ಮಕ್ಕಳಿಗೆ ಕಿಲೋ ತೂಕಕ್ಕೆ 30 ಮೈಕ್ರೋಗ್ರಾಂ ಲೆಕ್ಕದಲ್ಲಿ, ಕೈಕಾಲು ಬೆಚ್ಚಗಾಗುವವರೆಗೆ 3 ಗಂಟೆಗೊಮ್ಮೆ ಆಸ್ಪತ್ರೆಯಲ್ಲೇ ಕೊಡುತ್ತಾರೆ. ಮಾತ್ರೆ ನುಂಗಿದ ಮಗುವನ್ನು ಮಲಗಿಸಿಯೇ ಇಡಬೇಕು. ಅಳುತ್ತದೆಂದು ಎತ್ತಿಕೊಂಡರೆ ಬಿಪಿ ದಿಢೀರನೆ ಇಳಿಯುತ್ತದೆ.